ಕೊನೆಯವರ ಜಾಕೆಟ್ಟು

ನಾನು ಓಡಲು ಶುರು ಮಾಡಿದ್ದು ಬಸ್ಸು ತಪ್ಪಿದ್ದರಿಂದ. ಬಸ್ಸು ತಪ್ಪಿದ್ದು ನನ್ನ ಗಂಡನಿಂದ. ಆಗ ಇವರು ಬಸ್ ಡಿಪೋದಲ್ಲಿ ಟ್ರಾಫಿಕ್ ಮ್ಯಾನೇಜರು. ಯಾವ ಬಸ್ಸು ಯಾವ ಸ್ಟಾಪಿನಿಂದ ಯಾವ ಹೊತ್ತಿಗೆ ಹೊರಡಬೇಕೆಂದು ಗೊತ್ತುಮಾಡುವುದು ಇವರ ಕೆಲಸ. ಅದು ತಪ್ಪಿದರೆ ಡ್ರೈವರನ ಬೆವರಿಳಿಸುವುದು ಇವರ ಸಂತೋಷ. ಆ ಬೆಳಿಗ್ಗೆ ನಾನು ತಿರುವಿನಲ್ಲಿ ಕೈ ಬೀಸುತ್ತ ಬರುತ್ತಿದ್ದುದು ಡ್ರೈವರಿಗೆ ಚೆನ್ನಾಗಿಯೇ ಕಂಡಿತ್ತು. ಕನ್ನಡಿಯಲ್ಲಿ ನನ್ನನ್ನು ನೋಡಿದ, ಗಡಿಯಾರ ನೋಡಿದ, ಹೊರಟುಬಿಟ್ಟ. ನನ್ನ ಗಂಡ ಅವನನ್ನು ಅಷ್ಟು ಚೆನ್ನಾಗಿ ತಯಾರು ಮಾಡಿದ್ದರು.

ಬಸ್ಸಿನ ಹಿಂದೆ ಓಡಿದೆ. ಇನ್ನು ಅದು ಸಿಗುವುದಿಲ್ಲ ಎಂದು ಗೊತ್ತಾದ ಮೇಲೂ ಕಾಲು ನಿಲ್ಲಲಿಲ್ಲ. ಹೆಗಲ ಚೀಲ ಸೊಂಟಕ್ಕೆ ಬಡಿಯುತ್ತಿತ್ತು, ಊಟದ ಡಬ್ಬಿಯೊಳಗೆ ಚಮಚ ತಾಳ ಹಾಕುತ್ತಿತ್ತು. ಮುಂದಿನ ಸ್ಟಾಪು ಬಂತು, ಹೋಯಿತು. ಬೇಕರಿಯ ಹಿಂಗೋಡೆ ಮುಖಕ್ಕೆ ಬಿಸಿ ಊದಿ ಹಿಂದೆ ಸರಿಯಿತು. ಕಾಲುವೆಯ ಸೇತುವೆ ದಾಟುವಾಗ ನನಗೆ ಹೊಳೆಯಿತು: ಎದ್ದಾಗಿನಿಂದ ಇದೇ ಮೊದಲ ಸಲ ಯಾರೂ ನನ್ನನ್ನು ಏನೂ ಕೇಳುತ್ತಿಲ್ಲ. ಟವೆಲು ಎಲ್ಲಿ, ನೀಲಿ ಸಾಕ್ಸಿನ ಜೋಡಿ ಎಲ್ಲಿ, ಗ್ಯಾಸಿನವನಿಗೆ ಫೋನು ಮಾಡಿದ್ಯಾ, ನನ್ನ ಕನ್ನಡಕ ಕಂಡ್ಯಾ... ಎಲ್ಲವೂ ನನ್ನ ಹಿಂದೆ ಓಡಿಬಂದು, ಸೇತುವೆಯ ಹತ್ತಿರ ಏದುಸಿರು ಬಿಡುತ್ತ ನಿಂತುಬಿಟ್ಟಿದ್ದವು.

ನನ್ನ ಕೆಲಸ ಹಲ್ಲಿನ ಸೆಟ್ಟು ಕಟ್ಟುವುದು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ನಾವು ಅದಕ್ಕೆ ಪ್ಲಾಸ್ಟರು ಸುರಿದು, ಮೇಣದಲ್ಲಿ ವಸಡು ಮಾಡಿ, ಒಂದೊಂದೇ ಹಲ್ಲನ್ನು ನೆಟ್ಟು ನಗು ತಯಾರಿಸುತ್ತೇವೆ. ಆವತ್ತು ನಾನು ಒಳಗೆ ಬಂದ ರೀತಿ ನೋಡಿ, ಪ್ಲಾಸ್ಟರು ಕಲೆಸುತ್ತಿದ್ದ ಅಕ್ಕ ಕೈ ನಿಲ್ಲಿಸಿದರು. ಲ್ಯಾಬಿನಲ್ಲಿ ಎಲ್ಲರಿಗಿಂತ ಹಿರಿಯರಾದ ಅವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುವುದು.

"ಏನೇ, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?"

"ಇಲ್ಲ ಅಕ್ಕಾ, ನಾನೇ ಬಸ್ಸನ್ನ ಅಟ್ಟಿಸ್ಕೊಂಡು ಹೋದೆ."

"ಸಿಕ್ತಾ?"

"ಇಲ್ಲ."

"ಮತ್ತೆ ಯಾಕೆ ಹಾಗೆ ಹಲ್ಲು ಬಿಡ್ತಿದೀಯಾ?"

ಆ ವಾರವೇ ಬೂಟು ಕೊಂಡೆ. ಬೂಟಿನ ಜೊತೆಗೆ ಒಂದು ಕಾರಣವೂ ಬೇಕಾಯಿತು. ಗಂಡಸು ಓಡಿದರೆ ಓಡುತ್ತಾನೆ ಎನ್ನುತ್ತಾರೆ. ಮನೆ ನಡೆಸುವ ಹೆಂಗಸು, ಅದೂ ಒಲೆಯ ಮುಂದಿರಬೇಕಾದ ಹೊತ್ತಿನಲ್ಲಿ ಓಡಿದರೆ ಯಾಕೆ ಎನ್ನುತ್ತಾರೆ. ಸುಮ್ಮನೆ ಎಂದರೆ ಯಾರೂ ನಂಬುವುದಿಲ್ಲ. ನಂಬಿದರೆ ಇನ್ನೂ ಕಷ್ಟ. ಪುಣ್ಯಕ್ಕೆ ಆ ವರ್ಷ ರಕ್ತದಲ್ಲಿ ಸಕ್ಕರೆ ಒಂಚೂರು ಮೇಲಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಡೆಯಿರಿ ಎಂಬುದನ್ನು ಓಡಿರಿ ಎಂದು ತಿದ್ದಿಕೊಂಡು ಮನೆಗೆ ತಂದೆ. ಕಾಯಿಲೆಗೆ ನಮ್ಮ ಮನೆಯಲ್ಲಿ ಬಹಳ ಮರ್ಯಾದೆ. ಇವರು ಎರಡು ಮಾತಾಡಲಿಲ್ಲ, ಬೆಳಗಿನ ಚಹಾ ತಾವೇ ಕಾಯಿಸಿಕೊಳ್ಳತೊಡಗಿದರು. ಮಗಳು ತನ್ನ ಸಾಕ್ಸು ತಾನೇ ಹುಡುಕಿಕೊಂಡಳು. ನನ್ನ ಸಂತೋಷಕ್ಕೆ ಸಿಗದ ಹೊತ್ತು ನನ್ನ ಸಕ್ಕರೆಗೆ ಸಲೀಸಾಗಿ ಸಿಕ್ಕಿತು. ಹಾಗೆ ಎಷ್ಟೋ ವರ್ಷ ಓಡಿದೆ. ಯಾರನ್ನೂ ಹಿಂದೆ ಹಾಕಲಿಲ್ಲ, ಯಾವ ಪಂದ್ಯಕ್ಕೂ ಹೋಗಲಿಲ್ಲ, ತೆಳ್ಳಗೂ ಆಗಲಿಲ್ಲ.

ಆಮೇಲೆ ಇವರು ನಿವೃತ್ತರಾದರು.

ಮೊದಲು ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದರು. ಆಮೇಲೆ ಮಹಡಿಯವರ ನೀರಿನ ಮೋಟರಿಗೆ ಟೈಮಿಂಗ್ ಹಾಕಿಕೊಟ್ಟರು. ಮಹಡಿಯವರು ಮಾತು ಬಿಟ್ಟರು. ಮಗಳು ಓದಲು ಹಾಸ್ಟೆಲು ಸೇರಿದ್ದರಿಂದ ಪಾರಾದಳು. ಉಳಿದವಳು ನಾನು.

"ನಿನ್ನೊಬ್ಬಳನ್ನೇ ಇಷ್ಟು ವರ್ಷ ರಸ್ತೆಗೆ ಬಿಟ್ನಲ್ಲ," ಎಂದರು ಒಂದು ಸಂಜೆ. "ಸಕ್ಕರೆ ಇರೋಳು. ದಾರೀಲಿ ತಲೆ ಸುತ್ತಿ ಬಿದ್ರೆ ಯಾರು ಗತಿ?"

"ಇಷ್ಟು ವರ್ಷ ಬಿದ್ದಿಲ್ವಲ್ಲ ರೀ."

"ಅದೇ ಹೇಳ್ತಿರೋದು. ಇನ್ನೆಷ್ಟು ದಿನ ಅದೃಷ್ಟ ನಂಬ್ಕೊಂಡಿರ್ತೀಯಾ? ನಾಳೆಯಿಂದ ನಾನೂ ಬರ್ತೀನಿ."

ಅವರ ಕಣ್ಣಲ್ಲಿ ನಿಜವಾದ ಕಳಕಳಿ ಇತ್ತು. ಕೆಟ್ಟ ಗಂಡನಾಗಿದ್ದರೆ ಬೇಡ ಎನ್ನುವುದು ಸುಲಭ. ಒಳ್ಳೆಯವರ ವಿರುದ್ಧ ದೂರು ಕೊಡಲು ಯಾವ ಕಚೇರಿಯೂ ಇಲ್ಲ.

ಓಡುವುದಕ್ಕೆ ಒಂದು ಉಸಿರು, ಮಾತಾಡುವುದಕ್ಕೆ ಬೇರೆಯದೇ ಒಂದು ಉಸಿರು ಇವರಿಗೆ ದೇವರು ಕೊಟ್ಟಿದ್ದ. ಗೇಟಿನಿಂದ ಶುರುವಾದ ಮಾತು ಮತ್ತೆ ಗೇಟಿಗೆ ಬಂದು ನಿಲ್ಲುತ್ತಿತ್ತು.

"ಹಿಮ್ಮಡಿ ಊರ್ಬೇಡ, ಮಂಡಿ ಹೋಗತ್ತೆ. ಭುಜ ಸಡಿಲ ಬಿಡು. ಅಲ್ಲಿ ನೋಡು, ಆ ಬಸ್ಸಿನವನು ಬ್ರೇಕ್ ಹಾಕಿದ್ದು ನೋಡು, ಜನ ಏನು ಮೂಟೆಗಳಾ? ನಮ್ಮ ಕಾಲದಲ್ಲಾಗಿದ್ರೆ... ಗೀಸರ್ ಆಫ್ ಮಾಡಿದ್ಯಾ?"

"ಹ್ಞೂಂ."

"ನೆನಪಿದ್ಯಾ, ಇಲ್ಲ ಸುಮ್ನೆ ಹ್ಞೂಂ ಅಂದ್ಯಾ?"

ಸೇತುವೆಯ ಹತ್ತಿರ ನಿಂತುಬಿಡುತ್ತಿದ್ದ ಪ್ರಶ್ನೆಗಳು ಈಗ ಬೂಟು ಹಾಕಿಕೊಂಡು ಸೇತುವೆ ದಾಟಿದವು.

ನೋಡಿದವರಿಗೆಲ್ಲ ಹಬ್ಬ. ಬೇಕರಿಯವರು ಬಾಗಿಲಿಗೆ ಬಂದು ನಿಂತು ಕೈ ಎತ್ತುವರು. ಎರಡು ಬೀದಿ ಆಚೆ ಇರುವ ನನ್ನ ನಾದಿನಿಯಂತೂ ಕಿಟಕಿಯಿಂದ ನಮ್ಮ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದಳು. "ಅತ್ತಿಗೆ, ನೀವು ಪುಣ್ಯವಂತ್ರು ಬಿಡಿ. ನಮ್ಮನೆಯವ್ರು ನನ್ನ ಜೊತೆ ಅಂಗಡಿಗೂ ಬರಲ್ಲ. ಅಣ್ಣ ನೋಡಿ, ನಿಮ್ಮ ಸಕ್ಕರೆ ಸಲುವಾಗಿ ಈ ವಯಸ್ನಲ್ಲಿ ಓಡ್ತಿದಾನೆ!"

ಪುಣ್ಯವಂತೆಯಾಗಿ ಒಂದು ಬೇಸಿಗೆ ಕಳೆದೆ. ಮಳೆ ಶುರುವಾಗುವ ಹೊತ್ತಿಗೆ ಬೆಳಿಗ್ಗೆ ಏಳುವುದೇ ಬೇಡವೆನಿಸತೊಡಗಿತ್ತು. ಮೊದಲೆಲ್ಲ ಗಡಿಯಾರ ಕೂಗುವ ಮುಂಚೆ ಎಚ್ಚರವಾಗುತ್ತಿದ್ದವಳು ಈಗ ಅದು ಕೂಗಿದ ಮೇಲೂ ಕಣ್ಣು ಮುಚ್ಚಿ, ಸತ್ತವಳಂತೆ ಮಲಗಿರುತ್ತಿದ್ದೆ. ಮಂಚದ ಕೆಳಗೆ ಬೂಟುಗಳನ್ನು ಕಂಡರೆ ಪರರ ಮನೆಯ ಮಕ್ಕಳನ್ನು ಕಂಡಂತಾಗುತ್ತಿತ್ತು: ಮುದ್ದಾಗಿವೆ, ಆದರೆ ನನ್ನವಲ್ಲ. ಒಂದು ದಿನ ಮಂಡಿನೋವು ಎಂದೆ. ಇವರು ಮುಲಾಮು ತಂದು, ಕೂತು, ತಾವೇ ತಿಕ್ಕಿದರು. ತಿಕ್ಕುವಾಗಲೂ ಮಾತು. ನೋಯದ ಮಂಡಿ ಆವತ್ತು ನಿಜವಾಗಿ ನೋಯಿತು.

ಓಡುವುದು ಬಿಟ್ಟುಹೋದರೆ ಏನಂತೆ, ಲೋಕದಲ್ಲಿ ಎಷ್ಟು ಜನ ಓಡುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಬಿಟ್ಟುಹೋಗುತ್ತಿದ್ದುದು ಓಟವಲ್ಲ. ಸೇತುವೆಯ ಆಚೆ ಒಬ್ಬಳಿದ್ದಳು. ಯಾರ ಹೆಂಡತಿಯೂ ಅಲ್ಲದ, ಯಾರ ತಾಯಿಯೂ ಅಲ್ಲದ, ಬೆವರಿ ಕೆಂಪಾದ ಮುಖದ ಹೆಂಗಸು. ದಿನಾ ಬೆಳಿಗ್ಗೆ ಅವಳನ್ನು ಸ್ವಲ್ಪ ಹೊತ್ತು ನೋಡಿ ಬರುತ್ತಿದ್ದೆ. ಅವಳು ಮನೆ ಬದಲಾಯಿಸಿ, ವಿಳಾಸ ಕೊಡದೆ ಹೋದ ಹಾಗಿತ್ತು.

ಅದೇ ದಿನಗಳಲ್ಲಿ ನಾನು ಕಟ್ಟಿದ ಸೆಟ್ಟೊಂದು ಲ್ಯಾಬಿಗೆ ವಾಪಸು ಬಂತು. ರೋಗಿ ಒಬ್ಬ ಮೇಷ್ಟರಂತೆ. ಕಚ್ಚುವುದಕ್ಕೆ ತೊಂದರೆಯಿಲ್ಲ, ನೋವಿಲ್ಲ, ನೋಡಲೂ ಲಕ್ಷಣವಾಗಿದೆ, ಆದರೆ ಬಾಯಿ ತುಂಬಿಹೋದ ಹಾಗಿದೆ ಎನ್ನುತ್ತಾರಂತೆ. ಮಾತಾಡಿದರೆ ಟಕಟಕ ಸದ್ದು. ಸಂಜೆಯಾದರೆ ದವಡೆ ಸೋಲು. ಅಕ್ಕ ಸೆಟ್ಟನ್ನು ಕೈಯಲ್ಲಿ ಹಿಡಿದು, ಮೇಲಿನ ಸಾಲನ್ನು ಕೆಳಗಿನದರ ಮೇಲೆ ಕೂರಿಸಿ ನೋಡಿದರು.

"ಹಲ್ಲು ಎತ್ತರ ಮಾಡಿದೀಯಲ್ಲೇ. ಸಂದೇ ಬಿಟ್ಟಿಲ್ಲ."

ಇದು ನಮ್ಮ ಕೆಲಸದ ಮೊದಲ ಪಾಠ. ಬಾಯಿ ಸುಮ್ಮನಿದ್ದಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿರುವುದಿಲ್ಲ, ತುಟಿ ಮುಚ್ಚಿದ್ದರೂ ಒಳಗೆ ಸಣ್ಣ ಸಂದಿರುತ್ತದೆ. ದವಡೆ ವಿಶ್ರಾಂತಿ ಪಡೆಯುವುದು ಆ ಸಂದಿನಲ್ಲಿ. ಅದನ್ನು ತುಂಬಿಬಿಟ್ಟರೆ ಎಷ್ಟು ಚೆಂದದ ಹಲ್ಲಾದರೂ ಮನುಷ್ಯನಿಗೆ ಎಲ್ಲಿ ತೊಂದರೆ ಎಂದು ಹೇಳಲಾಗುವುದಿಲ್ಲ, ಸುಖವೂ ಇರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸಬರು ಮಾಡುವ ತಪ್ಪನ್ನು ನಾನು ಮಾಡಿದ್ದೆ.

"ಎಲ್ಲಿತ್ತು ಜ್ಞಾನ?" ಎಂದರು ಅಕ್ಕ.

"ಇಲ್ಲೇ ಇತ್ತು ಅಕ್ಕಾ," ಎಂದು ಆ ಸೆಟ್ಟನ್ನು ಒಡೆದು ಹೊಸದಾಗಿ ಕಟ್ಟಲು ಕೂತೆ. ಎಲ್ಲ ಚೆನ್ನಾಗಿದೆ, ಬಾಯಿ ಮಾತ್ರ ತುಂಬಿಹೋಗಿದೆ. ನನ್ನನ್ನು ಕೇಳಿದ್ದರೆ ನಾನೂ ಅಷ್ಟನ್ನೇ ಹೇಳುತ್ತಿದ್ದೆ. ಆದರೆ ನನ್ನನ್ನು ವಾಪಸು ಕಳಿಸುವವರು ಯಾರಿದ್ದಾರೆ.

ಮಳೆ ನಿಂತ ಮೇಲೆ ಇವರು ಒಂದು ಗುಂಪು ಹುಡುಕಿದರು. ನಾನೊಬ್ಬಳೇ ಸಿಬ್ಬಂದಿಯಾಗಿ ಅವರಿಗೆ ಸಾಲದಾಗಿತ್ತು. ಭಾನುವಾರ ಬೆಳಿಗ್ಗೆ ಕಾಲುವೆಯ ದಡದಲ್ಲಿ ಓಡುವವರ ಗುಂಪು: ಔಷಧಿ ಅಂಗಡಿಯವರು, ಬ್ಯಾಂಕಿನವರು, ಮಾತು ಮುಗಿಯದ ಇಬ್ಬರು ಟೀಚರುಗಳು, ಎಲ್ಲರನ್ನೂ ಕಲೆಹಾಕಿದ ಒಬ್ಬ ದನದ ಡಾಕ್ಟರು. ನನ್ನನ್ನೂ ಎಳೆದುಕೊಂಡು ಹೋದರು. "ನಾಲ್ಕು ಜನದ ಮಧ್ಯೆ ಓಡಿದ್ರೆ ಹುರುಪು ಬರತ್ತೆ. ನಿಂಗೆ ಹುರುಪು ಕಮ್ಮಿಯಾಗಿದೆ, ನಾನು ಗಮನಿಸ್ತಾನೇ ಇದೀನಿ." ಗಮನಿಸಿದ್ದು ಸುಳ್ಳಲ್ಲ. ಹಿಡಿದ ಮದ್ದು ಮಾತ್ರ ಕಾಯಿಲೆಯದೇ ಇನ್ನೊಂದು ಬಾಟಲಿ.

ಆ ಗುಂಪಿನಲ್ಲೊಂದು ಪದ್ಧತಿ ಇತ್ತು. ಹಿಂದೊಮ್ಮೆ ಯಾರೋ ಕಾಲು ಉಳುಕಿ ದಡದಲ್ಲಿ ಕೂತುಬಿಟ್ಟಿದ್ದರಂತೆ; ಎಲ್ಲರೂ ತಿಂಡಿ ತಿಂದು ಮನೆ ಸೇರಿದ ಮೇಲೆ ಅವರ ನೆನಪಾಯಿತಂತೆ. ಅಂದಿನಿಂದ ಪ್ರತಿ ವಾರ ಗುಂಪಿನ ಒಬ್ಬರು, ರಸ್ತೆ ಕೆಲಸದವರು ಹಾಕುವಂಥ ತೋಳಿಲ್ಲದ ಕಿತ್ತಳೆ ಜಾಕೆಟ್ಟು ತೊಟ್ಟು, ಎಲ್ಲರ ಹಿಂದೆ ಓಡಬೇಕು. ಅವರಿಗೆ ಬಾಲ ಎಂದು ಹೆಸರು. ಬಾಲ ಯಾರನ್ನೂ ದಾಟುವ ಹಾಗಿಲ್ಲ. ಮುಂದಿನವರು ನಡೆದರೆ ಬಾಲವೂ ನಡೆಯಬೇಕು, ಕೂತರೆ ಕೂರಬೇಕು. ಬಾಲ ಬಂತೆಂದರೆ ಓಟ ಮುಗಿಯಿತೆಂದು ಅರ್ಥ.

ಜಾಕೆಟ್ಟು ಹೊರಗೆ ಬಂದಿತೋ ಇಲ್ಲವೋ, ಎಲ್ಲರಿಗೂ ಬೂಟಿನ ದಾರ ಕಟ್ಟುವ ಕೆಲಸ ಬೀಳುತ್ತಿತ್ತು.

"ನಂಗೆ ಬೇಗ ಹೋಗ್ಬೇಕಪ್ಪ, ಒಂದು ಹಸು ಕಾಯ್ತಿದೆ," ಎಂದರು ದನದ ಡಾಕ್ಟರು.

"ಭಾನುವಾರಾನೂ ಹಸೂನಾ ಸಾರ್?"

"ಹಸುಗೇನ್ರೀ ಗೊತ್ತು ಭಾನುವಾರ!"

ಈ ಅವ್ಯವಸ್ಥೆಯನ್ನು ನನ್ನ ಗಂಡ ಎಷ್ಟು ದಿನ ಸಹಿಸಿಯಾರು? ಕೆಲವೇ ವಾರಗಳಲ್ಲಿ ಸೀಟಿ ಅವರ ಕೊರಳಿಗೆ ಬಂತು. ಗುಂಪಿಗೆ ಅವರೇ ಕ್ಯಾಪ್ಟನ್. ಮೊದಲ ದಿನವೇ ಜಾಕೆಟ್ಟನ್ನು ಎತ್ತಿ ಹಿಡಿದು ಎಲ್ಲರನ್ನೂ ಒಂದು ಸುತ್ತು ನೋಡಿ, ಸೀದಾ ನನ್ನ ಕೈಗೆ ಕೊಟ್ಟರು. ಆಮೇಲೆ ಪಕ್ಕಕ್ಕೆ ಕರೆದು ಸಮಜಾಯಿಷಿ ಹೇಳಿದರು: "ಬೇಜಾರು ಮಾಡ್ಕೋಬೇಡ ಕಣೇ. ಬೇಡದ ಡ್ಯೂಟೀನ ಮೊದಲು ಮನೆಯವರಿಗೆ ಹಾಕಿದ್ರೆ ಬೇರೆಯವರು ಬಾಯಿ ಮುಚ್ಕೊಂಡಿರ್ತಾರೆ. ಡಿಪೋದಲ್ಲೂ ಹೀಗೇ ಮಾಡ್ತಿದ್ದೆ."

ನನಗೆ ನಿಜವಾಗಿಯೂ ಅವಮಾನವಾಯಿತು. ಜಾಕೆಟ್ಟು ದೊಗಳೆ, ಅದರಿಂದ ಯಾರದೋ ಹಳೆಯ ಬೆವರಿನ ವಾಸನೆ ಬೇರೆ. ಇವರು ಸೀಟಿ ಊದಿದರು. ಎಲ್ಲರೂ ಹೊರಟರು. ಮುಂಚೂಣಿಯಲ್ಲಿ ಇವರು, ಇವರ ಮಾತು ಕೇಳಲು ಈಗ ಬೇಕಾದಷ್ಟು ಕಿವಿಗಳು. ನಾನು ಮುಖ ಊದಿಸಿಕೊಂಡು ಹಿಂದೆ ಹೊರಟೆ.

ನನ್ನ ಮುಂದೆ ಇದ್ದವರು ಟೀಚರುಗಳು. ಬಾಲ ಹತ್ತಿರ ಬಂದರೆ ತಾವು ತೀರಾ ನಿಧಾನ ಎಂದಾಗುತ್ತದಲ್ಲ, ಹಾಗಾಗಿ ಕಿತ್ತಳೆ ಬಣ್ಣ ಕಣ್ಣಂಚಿಗೆ ಬಿದ್ದಾಗಲೆಲ್ಲ ಜೋರಾಗಿ ಓಡಿ ದೂರ ಹೋಗುತ್ತಿದ್ದರು. ನಾನೂ ಮರ್ಯಾದೆಯಿಂದ ದೂರ ಬಿಟ್ಟೆ. ಮೊದಲು ಅವರ ಮಾತು ಕೇಳಿಸದಾಯಿತು, ಆಮೇಲೆ ನಗು. ಆಮೇಲೆ ಸೀಟಿಯೂ ಯಾವುದೋ ಹಕ್ಕಿಯ ಸದ್ದಿನಷ್ಟಾಯಿತು. ಅವರು ಹಾದುಹೋದ ಮೇಲೆ ಕಾಲುವೆಯ ನೀರು ಮತ್ತೆ ಸಮವಾಗಿತ್ತು. ದಡದ ಹುಲ್ಲು ತುಳಿತದಿಂದ ಮೆಲ್ಲಗೆ ಎದ್ದು ನಿಲ್ಲುತ್ತಿತ್ತು. ಗೋದಾಮಿನ ಗೋಡೆಯ ಮೇಲಿನ ಬೆಕ್ಕು ಇನ್ನು ಯಾರೂ ಬರುವುದಿಲ್ಲ ಎಂದು ಕೆಳಗಿಳಿಯಿತು, ನನ್ನನ್ನು ಕಂಡೂ ಕಾಣದ ಹಾಗೆ ದಾಟಿತು.

ನನ್ನ ಉಸಿರು ನನಗೇ ಕೇಳಿಸಿತು. ಎಷ್ಟೋ ತಿಂಗಳ ಮೇಲೆ. ಮುಂದಿನವರು ಮುಂದಿದ್ದರು, ಹಿಂದೆ ಯಾರೂ ಇರಲಿಲ್ಲ, ಇರುವ ಹಾಗೂ ಇರಲಿಲ್ಲ. ಅದು ನಿಯಮವೇ ಆಗಿತ್ತು. ನನ್ನನ್ನು ತಲುಪಬಲ್ಲ ಪ್ರಶ್ನೆ ಈ ದಡದಲ್ಲಿ ಒಂದೂ ಉಳಿದಿರಲಿಲ್ಲ. ಕಾಲು ತಾನಾಗಿ ಹಳೆಯ ಲಯಕ್ಕೆ ಬಿತ್ತು. ಆಚೆ ದಡದಿಂದ ವಾಪಸು ಬರಲೆಂದು ಸಣ್ಣ ಸೇತುವೆ ದಾಟುವಾಗ ನೀರಿನಲ್ಲಿ ಕಿತ್ತಳೆ ಜಾಕೆಟ್ಟಿನ ಹೆಂಗಸೊಬ್ಬಳು ಕೆಂಪು ಮುಖ ಮಾಡಿಕೊಂಡು ಓಡುತ್ತಿರುವುದು ಕಂಡಿತು. ಎಲ್ಲಿಗೆ ಹೋಗಿದ್ಯೇ ಇಷ್ಟು ದಿನ, ಎಂದೆ. ಬಾಯಿ ಬಿಟ್ಟೇ ಎಂದೆ. ಕೇಳಿಸಿಕೊಳ್ಳುವವರು ಯಾರಿದ್ದರು!

ಮುಂದಿನ ಭಾನುವಾರ ಎಲ್ಲರೂ ದಾರ ಕಟ್ಟಲು ಬಗ್ಗುವ ಮೊದಲೇ ಕೈ ಚಾಚಿದೆ. "ಕೊಡಿ, ನಾನೇ ಹಾಕ್ಕೋತೀನಿ. ಪಾಪ, ನಿಮಗೆಲ್ಲ ಯಾಕೆ ತೊಂದ್ರೆ?"

ಅದರ ಮುಂದಿನ ಭಾನುವಾರವೂ. ಆಮೇಲೆ ಜಾಕೆಟ್ಟನ್ನು ಮನೆಗೇ ತಂದು, ಒಗೆದು, ನನ್ನ ಅಳತೆಗೆ ಹೊಲಿದುಕೊಂಡೆ. ವಾರದ ದಿನಗಳಲ್ಲಿ ಇವರು ದನದ ಡಾಕ್ಟರ ಜೊತೆ ದೊಡ್ಡ ಸುತ್ತಿಗೆ ಹೋಗತೊಡಗಿದ್ದರು. ಕ್ಯಾಪ್ಟನ್ ಅಂದ ಮೇಲೆ ತಯಾರಿ ಬೇಕಲ್ಲ. "ಬಾರೇ" ಎಂದು ದಿನಾ ಕರೆಯುತ್ತಿದ್ದರು. ನಾನು ಮಂಡಿ ಮುಟ್ಟಿ ತೋರಿಸುತ್ತಿದ್ದೆ. ಮಂಡಿ ಭಾನುವಾರಕ್ಕೆ ಸರಿಯಾಗಿ ವಾಸಿಯಾಗುತ್ತಿತ್ತು.

ಈಗ ನನ್ನ ಹೆಸರು ಬೇರೆಯೇ ಆಯಿತು. ತ್ಯಾಗಮಯಿ. "ನೋಡಿ ಕಲೀರಿ," ಎಂದು ಟೀಚರುಗಳು ಒಬ್ಬರಿಗೊಬ್ಬರು ಹೇಳಿಕೊಂಡರು. ಗುಂಪಿನ ತಿಂಡಿಯ ದಿನ ನನಗೊಂದು ದೊಡ್ಡ ಮಗ್ಗು ಕೊಟ್ಟರು. ಅದರ ಮೇಲೆ 'ಎಲ್ಲರ ಹಿಂದಿನ ಶಕ್ತಿ' ಎಂದು ಬರೆಸಿದ್ದರು. ದನದ ಡಾಕ್ಟರ ಕಣ್ಣು ಒದ್ದೆಯಾಗಿತ್ತು. ಹುಟ್ಟಿದಾಗಿನಿಂದ ಮನೆಯವರಿಗೆಂದು ಬೇಯಿಸಿದ್ದಕ್ಕೆ, ಒಗೆದದ್ದಕ್ಕೆ, ರಾತ್ರಿ ನಿದ್ದೆಗೆಟ್ಟದ್ದಕ್ಕೆ ನನಗೆ ಯಾರೂ ಒಂದು ಲೋಟವನ್ನೂ ಕೊಟ್ಟಿರಲಿಲ್ಲ. ಬರೀ ನನಗೋಸ್ಕರ ಮಾಡಿದ ಮೊದಲ ಕೆಲಸಕ್ಕೆ ತ್ಯಾಗದ ಬಿರುದು ಬಂತು. ಬೇಡ ಎನ್ನಲಿಲ್ಲ. ಮಗ್ಗು ಒಳ್ಳೆಯ ಗಾತ್ರದ್ದು.

ಎಡವಟ್ಟಾದದ್ದು ನಾದಿನಿಯಿಂದ. ಆ ಮಗ್ಗನ್ನು ನಮ್ಮ ಮನೆಯಲ್ಲಿ ನೋಡಿ, ವಿಷಯ ತಿಳಿದು, ಅಣ್ಣನ ಮೇಲೆ ಬಿದ್ದಳು.

"ಅಣ್ಣಾ, ನಿಂಗೆ ಮನಸ್ಸಾದ್ರೂ ಹೇಗೆ ಬಂತೋ? ನೀನು ಸೀಟಿ ಊದ್ಕೊಂಡು ಮುಂದೆ ಮೆರೀತೀಯಾ, ಅತ್ತಿಗೆ ಅನಾಥೆ ಹಾಗೆ ಹಿಂದೆ! ಒಂದು ಮಾತಾಡ್ಸೋರು ಗತಿಯಿಲ್ಲ!"

"ಅವಳೇ ಕೇಳಿ ಹಾಕ್ಕೋತಾಳೆ..."

"ಕೇಳದೇ ಇನ್ನೇನು ಮಾಡ್ತಾರೆ? ಹೆಂಗಸ್ರು ಬಾಯಿಬಿಟ್ಟು ಹೇಳ್ತಾರಾ? ಅರ್ಥ ಮಾಡ್ಕೋಬೇಕು."

"ಇಲ್ಲ ಕಣೇ, ನಂಗೇನೂ ಬೇಜಾರಿಲ್ಲ," ಎಂದೆ ನಾನು ಗಾಬರಿಯಿಂದ.

"ಕೇಳಿಸ್ಕೊಂಡ್ಯಾ?" ಎಂದಳು ಅವಳು, ಗೆದ್ದವಳ ಹಾಗೆ. "ಈಗ್ಲೂ ಬಿಟ್ಟುಕೊಡ್ತಿಲ್ಲ ನೋಡು!"

ಇವರು ಊಟದ ತಟ್ಟೆಯ ಮುಂದೆ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಇವರು ಸುಮ್ಮನೆ ಕೂತರೆಂದರೆ ಏನೋ ಒಳ್ಳೆಯದು ಮಾಡಲು ನಿಶ್ಚಯಿಸಿದ್ದಾರೆ ಎಂದೇ ಅರ್ಥ.

ಭಾನುವಾರ ಸೀಟಿ ಊದಿ, ಅದನ್ನು ಡಾಕ್ಟರ ಕೊರಳಿಗೆ ಹಾಕಿದರು. ಎಲ್ಲರನ್ನೂ ಮುಂದೆ ಬಿಟ್ಟು ಹಿಂದೆ ಬಂದು ನನ್ನ ಪಕ್ಕ ಸೇರಿಕೊಂಡರು. ಬೆವರಿದ ಮುಖದಲ್ಲಿ ಹುಡುಗನ ಖುಷಿ.

"ಇನ್ಮೇಲೆ ಪ್ರತಿ ವಾರ ನಾನು ನಿನ್ನ ಜೊತೆಗೇ. ಕ್ಯಾಪ್ಟನ್‌ಗಿರಿ ಹಾಳಾಗ್ಲಿ. ನಿನ್ನ ಒಂಟಿತನ ನಂಗೆ ಗೊತ್ತಾಗಲೇ ಇಲ್ಲ ನೋಡು."

ದಡ ಅದೇ, ಬೆಕ್ಕು ಅದೇ ಗೋಡೆಯ ಮೇಲೆ. ಇವರ ದನಿ ಕೇಳಿ ಅದು ಆಚೆಗೆ ಹಾರಿಹೋಯಿತು. ಇವರು ಮಾತಾಡುತ್ತಲೇ ಇದ್ದರು: ಸೀಟಿ ಊದುವುದು ಡಾಕ್ಟರಿಗೆ ಬರುವುದಿಲ್ಲವೆಂದು, ಮಂಡಿಗೆ ಬೇರೆ ಮುಲಾಮು ಇದೆಯೆಂದು, ಮಗಳು ಫೋನು ಮಾಡಿದ್ದಳಾ ಎಂದು. ಸಣ್ಣ ಸೇತುವೆ ಹತ್ತಿರ ಬಂತು. ಇಲ್ಲೂ ಇವರು ಮಾತಾಡುತ್ತಲೇ ದಾಟಿದರೆ ಇನ್ನು ಮಂಚದ ಕೆಳಗಿನ ಬೂಟು ಮುಟ್ಟಲಾರೆ ಎಂದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ನಿಂತೆ.

"ಏನಾಯ್ತೇ, ತಲೆ ಸುತ್ತತ್ತಾ? ಅದಕ್ಕೇ ಹೇಳಿದ್ದು..."

"ಇಲ್ಲ ರೀ. ನಂಗೆ ಒಬ್ಬಳೇ ಓಡ್ಬೇಕು."

ಇವರು ಸುತ್ತ ನೋಡಿದರು, ಇದನ್ನು ಹೇಳಿದವರು ಬೇರೆ ಯಾರೋ ಎಂಬಂತೆ.

"ನನ್ನ ಮೇಲೆ ಕೋಪಾನಾ?"

"ಇಲ್ಲ."

"ನನ್ನ ತಂಗಿ ಏನಾದ್ರೂ ಅಂದ್ಲಾ?"

"ಪಾಪ, ಅವಳೇನು ಅಂದಾಳು. ಯಾರೂ ಏನೂ ಅಂದಿಲ್ಲ. ಮೊದಲಿಂದ್ಲೂ ನಾನು ಓಡ್ತಿದ್ದಿದ್ದು ಅದಕ್ಕೇ. ಯಾರೂ ಏನೂ ಅನ್ನದೇ ಇರೋ ಹೊತ್ತು ಅದೊಂದೇ ಇತ್ತು."

"ಮತ್ತೆ ಸಕ್ಕರೆ?"

"ಸಕ್ಕರೆ ಇದೆ. ಅದರ ಪಾಡಿಗೆ ಅದಿದೆ."

ಇವರು ಸೇತುವೆಯ ಕಂಬಿಗೆ ಒರಗಿದರು. ಮುಖ ಚಿಕ್ಕದಾಗಿತ್ತು. ನೀರಿನ ಕಡೆ ನೋಡಿಕೊಂಡೇ ಕೇಳಿದರು, "ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳೋಕೆ ಸಂದೇ ಸಿಗ್ಲಿಲ್ಲ ರೀ."

ಅದು ಚುಚ್ಚು ಮಾತಾಯಿತೇನೋ. ಆದರೆ ನಿಜ. ಟೀಚರುಗಳು ದೂರದ ತಿರುವಿನಲ್ಲಿ ಮರೆಯಾದರು. ಇವರನ್ನು ಇಲ್ಲೇ ಬಿಟ್ಟು ನಾನು ಓಡುವಂತಿಲ್ಲ. ಬಾಲ ಯಾರನ್ನೂ ದಾಟುವ ಹಾಗಿಲ್ಲ. ನಿಯಮ ನನ್ನ ಮೈಮೇಲೆಯೇ ಇತ್ತು. ಅದನ್ನು ನೋಡುತ್ತ ನೋಡುತ್ತ ನನಗೊಂದು ಉಪಾಯ ಹೊಳೆಯಿತು.

"ರೀ, ಡಿಪೋದಲ್ಲಿ ರಾತ್ರಿಯ ಕೊನೇ ಬಸ್ಸಿಗೆ ಯಾರನ್ನ ಹಾಕ್ತಿದ್ರಿ?"

"ಅದಕ್ಕೂ ಇದಕ್ಕೂ ಏನು?"

"ಹೇಳಿ ನೀವು."

"ಕೊನೇ ಬಸ್ಸಿಗೆ ಯಾರ್ ಯಾರನ್ನೋ ಹಾಕಕ್ಕಾಗತ್ತಾ? ದಾರೀಲಿ ಉಳಿದೋರೆಲ್ಲ ಅವನನ್ನೇ ನಂಬ್ಕೊಂಡಿರ್ತಾರೆ. ಒಳ್ಳೇ ಡ್ರೈವರ್‌ನ ಹಾಕ್ತಿದ್ದೆ."

"ಮತ್ತೆ ಇಲ್ಲಿ ಮಾತ್ರ ಯಾಕೆ ಸಿಕ್ಕಿದವರನ್ನ ಹಾಕಿದೀರಿ?"

ಜಾಕೆಟ್ಟು ಬಿಚ್ಚಿ ಕೊಟ್ಟೆ. ನನ್ನ ಅಳತೆಗೆ ಹೊಲಿದದ್ದು, ಹೊಟ್ಟೆಯ ಹತ್ತಿರ ಗುಂಡಿ ಕೂಡಲಿಲ್ಲ. ಆದರೂ ಹಾಕಿಕೊಂಡರು. ಬೇಜಾರಿನ ಮಧ್ಯದಲ್ಲೂ ಅವರ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ. ಯಾವುದೇ ಡ್ಯೂಟಿ ಮೈಮೇಲೆ ಬಿದ್ದರೆ ಆ ಬೆನ್ನು ನೆಟ್ಟಗಾಗುತ್ತದೆ. ಅದನ್ನು ನಂಬಿಯೇ ಕೊಟ್ಟಿದ್ದೆ.

"ಬಾಲ ಯಾರನ್ನೂ ದಾಟೋ ಹಾಗಿಲ್ಲ. ನೆನಪಿದ್ಯಾ?"

"ನಂಗೇ ರೂಲ್ಸ್ ಹೇಳ್ತೀಯಾ?" ಎಂದರು, ಅರ್ಧ ಸಿಡುಕಿನಲ್ಲಿ, ಅರ್ಧ ನಗುವಿನಲ್ಲಿ. "ಹೋಗು ಹೋಗು. ಲೇಟಾಗ್ತಿದೆ."

ಓಡಿದೆ. ಮುಂದೆ ಗುಂಪು, ಹಿಂದೆ ಗಂಡ, ನಡುವೆ ಯಾರೂ ಇಲ್ಲದ ಉದ್ದದ ದಡ. ಹಿಂದಿನಿಂದ ಮೊದಲು ಸ್ವಲ್ಪ ಹೊತ್ತು ಬೂಟಿನ ಸದ್ದು ಕೇಳಿಸಿತು. ಆಮೇಲೆ ಅದೂ ಇಲ್ಲ. ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ.

ಮುಗಿಯುವ ಜಾಗದಲ್ಲಿ ಎಲ್ಲರೂ ಚಹಾ ಕುಡಿದರು, ಕ್ಯಾಪ್ಟನ್ ಎಲ್ಲಿ ಎಂದರು, ಮತ್ತೊಂದು ಚಹಾ ಕುಡಿದರು. ಬಹಳ ತಡವಾಗಿ ಕಿತ್ತಳೆ ಚುಕ್ಕೆಯೊಂದು ಕಂಡಿತು. ಅವಸರವೇ ಇರಲಿಲ್ಲ ಅದಕ್ಕೆ. ಹತ್ತಿರ ಬಂದಾಗ ನೋಡಿದರೆ ಇವರ ಮುಖ ನಿದ್ದೆಯಿಂದ ಆಗ ತಾನೇ ಎದ್ದವರ ಹಾಗಿತ್ತು. ಯಾರಿಗೂ ಏನೂ ಹೇಳಲಿಲ್ಲ. ಡಾಕ್ಟರು ಸೀಟಿ ತಪ್ಪಾಗಿ ಊದಿದ ಮಾತನ್ನೂ ಎತ್ತಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಒಂದು ಬಸ್ಸು ಗಕ್ಕನೆ ಬ್ರೇಕು ಹಾಕಿತು, ಅದನ್ನೂ ನೋಡಲಿಲ್ಲ. ನನಗೆ ಭಯವಾಯಿತು. ನೋಯಿಸಿಬಿಟ್ಟೆನೇನೋ ಎಂದುಕೊಂಡೆ.

ಗೇಟಿನ ಹತ್ತಿರ ಬಾಯಿ ತೆರೆದರು.

"ಇವತ್ತು ವಾಪಸು ಬರ್ತಾ ಆಚೆ ದಡದಿಂದ ನೋಡ್ದೆ, ಆ ಗೋದಾಮಿನ ಗೋಡೆ ಮೇಲೆ ಒಂದು ಬೆಕ್ಕಿದೆ ಅಲ್ವಾ?"

"ಇದೆ."

"ಇಷ್ಟು ದಿನ ನೋಡೇ ಇರ್ಲಿಲ್ಲ." ಗೇಟಿನ ಚಿಲಕದ ಕಡೆ ನೋಡುತ್ತ, "ಮುಂದಿನ ವಾರಾನೂ ಜಾಕೆಟ್ಟು ನಾನೇ ಹಾಕ್ಕೋತೀನಿ ಬಿಡು. ಪಾಪ, ನಿಂಗ್ಯಾಕೆ ತೊಂದ್ರೆ?"

ಆ ಧಾಟಿ, ಆ 'ಪಾಪ' ಎಲ್ಲ ನನಗೆ ಚೆನ್ನಾಗಿ ಪರಿಚಯದ್ದು. ಅವರ ಮುಖವನ್ನು ನೋಡಿದೆ. ಅವರು ನನ್ನ ಮುಖವನ್ನು ನೋಡಲಿಲ್ಲ. ಜಾಕೆಟ್ಟು ಹೋಯಿತು ಎಂದುಕೊಂಡೆ. ಹೊಲಿಗೆ ಬಿಚ್ಚಿ ಅವರ ಅಳತೆಗೆ ಮಾಡಿಕೊಟ್ಟೆ.

ಸೋಮವಾರ ಗಡಿಯಾರ ಕೂಗುವ ಮೊದಲೇ ಎಚ್ಚರವಾಯಿತು. ಬೂಟು ಹಾಕಿಕೊಂಡು ಬಾಗಿಲಿಗೆ ಬಂದರೆ ಇವರೂ ಬೂಟು ಹಾಕಿಕೊಂಡು ನಿಂತಿದ್ದರು. ಡಾಕ್ಟರಿಗೆ ಇವತ್ತು ಬರಬೇಡಿ ಎಂದು ಹೇಳಿದ್ದರಂತೆ. ಇಬ್ಬರೂ ಹೊಸ ನೆಂಟರ ಹಾಗೆ ದಾರಿ ಬಿಟ್ಟುಕೊಂಡೆವು.

"ನೀವು ಮೊದಲು ಹೋಗಿ."

"ಇಲ್ಲ ಇಲ್ಲ, ನೀನು ಹೋಗು. ಯಾವ ಕಡೆ ಹೋಗ್ತೀಯಾ?"

"ಬೇಕರಿ ಕಡೆ."

"ಹಾಗಾದ್ರೆ ನಾನು ಈ ಕಡೆ," ಎಂದು ಎಡಕ್ಕೆ ತಿರುಗಿದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಗೀಸರ್..." ಎಂದರು. ತಾವೇ ಕೈ ಅಲ್ಲಾಡಿಸಿ, ವಾಪಸು ಒಳಗೆ ಹೋಗಿ ನೋಡಿ ಬಂದರು.

ನಾನು ಬಲಕ್ಕೆ ತಿರುಗಿದೆ. ಸ್ಟಾಪಿನ ಹತ್ತಿರ ಬರುವಾಗ ಬಸ್ಸು ಹೊರಡುವುದರಲ್ಲಿತ್ತು. ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ ಬಸ್ಸು ನಿಲ್ಲಿಸಿದ, ಬಾಗಿಲು ತೆರೆದ. ಇವರಿಲ್ಲದ ಡಿಪೋದಲ್ಲಿ ಶಿಸ್ತು ಹೀಗೇ ಹಾಳಾಗುತ್ತಿರಬೇಕು.

"ಬನ್ನಿ ಮೇಡಂ, ಬನ್ನಿ. ನಮ್ಮ ಹಳೇ ಸಾಹೇಬ್ರ ಮನೆಯವ್ರು ಅಲ್ವಾ? ಓಡ್ಬೇಡಿ, ನಿಧಾನಕ್ಕೆ ಹತ್ತಿ."

"ಬೇಡಪ್ಪಾ, ನೀನು ಹೋಗು. ನಾನು ಬಸ್ಸಿಗೆ ಓಡ್ತಿಲ್ಲ."

"ಮತ್ತೆ ಯಾಕೆ ಓಡ್ತಿದೀರಿ?"

ಸಕ್ಕರೆ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಸುಮ್ನೆ," ಎಂದೆ.

ಅವನು ಇನ್ನೇನೋ ಕೇಳುವವನಿದ್ದ. ಗಡಿಯಾರ ನೋಡಿದ. ಬಾಗಿಲು ಮುಚ್ಚಿಕೊಂಡು ಹೊರಟುಬಿಟ್ಟ.